ಮಾದಿರಾನ್ ವೈನ್ ಕುಡಿದ್ರೆ ಬಾಯಿ ಒಣಗಿ ಗಂಟಲು ಉರೀತು, ಬಾಟಲ್ ಕೆಟ್ಟಿದ್ಯಾ?

ಪ್ರಶ್ನೆ: ನಾವು ಫ್ರಾನ್ಸ್‌ನ ತುಲೂಸ್‌ನಲ್ಲಿದೀವಿ, ಗಂಡ ವಿಮಾನ ಕಂಪನಿಯಲ್ಲಿ ಇಂಜಿನಿಯರ್, ಊರು ಮಂಡ್ಯ ಕಡೆ. ಅವರ ಟೀಮಿನ ಹಿರಿಯರೊಬ್ರು ರಿಟೈರ್ ಆಗೋವಾಗ 2019ರ ಮಾದಿರಾನ್ ವೈನ್ ಎರಡು ಬಾಟಲ್ ಕೊಟ್ಟು ಬಾತುಕೋಳಿ ಜೊತೆ ಕುಡೀರಿ ಅಂದ್ರು. ಶನಿವಾರ ಇವ್ರು ಮಟನ್ ಸಾರು ಮುದ್ದೆ ಮಾಡ್ಕೊಂಡು ಒಂದು ಬಾಟಲ್ ತೆಗೆದ್ರು. ಮೊದಲ ಗುಟುಕಿಗೇ ಬಾಯೆಲ್ಲ ಒಣಗಿ ನಾಲಿಗೆ ಒರಟಾಯ್ತಂತೆ, ಸಾರಿನ ಜೊತೆ ಕುಡಿದ್ರೆ ಗಂಟಲು ಉರೀತು, ಬಾಟಲ್ ತಳದಲ್ಲಿ ಕಪ್ಪು ಗಸಿ ಬೇರೆ ಇತ್ತು. ನಾನು ಒಂದೆರಡು ಗುಟುಕು ಅಷ್ಟೇ ರುಚಿ ನೋಡಿದ್ದು, ಮುಕ್ಕಾಲು ಬಾಟಲ್ ಇವ್ರೇ ಕುಡಿದ್ರು, ಬೆಳಗ್ಗೆ ವಿಪರೀತ ತಲೆನೋವು. ಒಬ್ರು ಸಲ್ಫೈಟ್ ಕಾರಣ ಅಂತಾರೆ, ಇನ್ನೊಬ್ರು ಈ ವೈನ್ ಹಾರ್ಟಿಗೆ ಒಳ್ಳೇದು ದಿನಾ ಕುಡೀಲಿ ಬಿಡಿ ಅಂತಾರೆ. ನಾನು ವೆಜಿಟೇರಿಯನ್, ಮೊಟ್ಟೆನೂ ತಿನ್ನಲ್ಲ. ಮುಂದಿನ ತಿಂಗಳು ಅದೇ ಹಿರಿಯರು ಹೆಂಡತಿ ಜೊತೆ ನಮ್ಮನೆ ಊಟ ಮಾಡೋಕೆ ಬರ್ತಿದಾರೆ. ಎರಡನೇ ಬಾಟಲ್ ಕೂಡ ಹೀಗೇ ಇದ್ರೆ ಮರ್ಯಾದೆ ಪ್ರಶ್ನೆ. ತೆಗೀಬೇಕಾ, ತೆಗೆದ್ರೆ ಜೊತೆಗೆ ಏನು ಬಡಿಸ್ಬೇಕು?

ಉತ್ತರ: ನಿಮ್ಮ ಪ್ರಶ್ನೆಲಿ ಎರಡು ಭಯ ಸೇರ್ಕೊಂಡಿದೆ, ಬಾಟಲ್ ಕೆಟ್ಟಿದ್ಯೇನೋ ಅನ್ನೋದು ಒಂದು, ಕೊಟ್ಟೋರ ಮುಂದೇನೇ ಅದನ್ನ ತೆಗೆದು ಅವಮಾನ ಆಗುತ್ತೇನೋ ಅನ್ನೋದು ಇನ್ನೊಂದು. ಮೊದಲನೇದಕ್ಕೆ ಈಗ್ಲೇ ಹೇಳ್ಬಿಡ್ತೀನಿ, ನೀವು ಬರೆದಿರೋ ಒಂದು ಲಕ್ಷಣಾನೂ ಕೆಟ್ಟ ವೈನಿನದ್ದಲ್ಲ. ಬಾಯಿ ಒಣಗೋದು, ನಾಲಿಗೆ ಒರಟಾಗೋದು, ತಳದಲ್ಲಿ ಗಸಿ, ಇವೆಲ್ಲ ಮಾದಿರಾನ್‌ನಲ್ಲಿ ಇರಬೇಕಾದ್ದೇ. ಹೋಟೆಲ್‌ಗಳಲ್ಲಿ ವೈನ್ ಬಡಿಸೋರಿಗೆ ಪಾಠ ಹೇಳೋ ಕೆಲಸ ನಂದು, ಈ ವೈನನ್ನ ಮೊದಲನೇ ಸಲ ಬಾಯಿಗಿಟ್ಟ ಹುಡುಗ್ರು ಹುಡುಗೀರು ಹೆಚ್ಚುಕಮ್ಮಿ ಎಲ್ರೂ ನಿಮ್ಮ ಹಾಗೇ ಮುಖ ಕಿವುಚ್ತಾರೆ, ಅದ್ರಲ್ಲೂ ನಮ್ಮ ಕಡೆ ಸಿಹಿ ಪೋರ್ಟ್ ವೈನ್ ಕುಡಿದು ಅದೇ ವೈನ್ ಅಂದ್ಕೊಂಡಿರೋರಿಗಂತೂ ಇದು ದೊಡ್ಡ ಶಾಕ್.

ಆ ಒಗರು ಎಲ್ಲಿಂದ ಬರುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಾದ್ರೆ ಊಟಕ್ಕೆ ಏನು ಮಾಡ್ಬೇಕು ಅನ್ನೋದು ಅರ್ಧ ಗೊತ್ತಾದ ಹಾಗೆ. ಮಾದಿರಾನ್ ಇರೋದು ನಿಮ್ಮೂರಿಂದ ಪಶ್ಚಿಮಕ್ಕೆ, ಪಿರನೀಸ್ ಬೆಟ್ಟಗಳ ಉತ್ತರಕ್ಕೆ, ಪೋ ಮತ್ತೆ ತಾರ್ಬ್ ಪಟ್ಟಣಗಳಿಂದ ಇನ್ನೂ ಸ್ವಲ್ಪ ಮೇಲೆ. ಅಲ್ಲಿನ ಮುಖ್ಯ ದ್ರಾಕ್ಷಿ ಟನ್ನಾಟ್. ಸಿಪ್ಪೆ ದಪ್ಪ, ಬೀಜಾನೂ ಜಾಸ್ತಿ, ಬೇರೆ ವೈನ್ ದ್ರಾಕ್ಷಿಗಳಲ್ಲಿ ಎರಡೋ ಮೂರೋ ಬೀಜ ಇದ್ರೆ ಇದ್ರಲ್ಲಿ ಐದರವರೆಗೂ ಇರುತ್ತೆ, ಟ್ಯಾನಿನ್ ಅನ್ನೋ ವಸ್ತು ಇರೋದೇ ಈ ಸಿಪ್ಪೆ ಬೀಜಗಳಲ್ಲಿ. ಕೆಂಪು ವೈನ್ ಮಾಡೋವಾಗ ರಸವನ್ನ ಸಿಪ್ಪೆ ಬೀಜದ ಜೊತೆಗೇ ಹುದುಗೋಕೆ ಬಿಡ್ತಾರಲ್ವಾ, ಬಣ್ಣದ ಜೊತೆ ಟ್ಯಾನಿನ್ನೂ ರಸಕ್ಕೆ ಇಳಿಯುತ್ತೆ. ಅಡಿಕೆ ಬೇಯಿಸಿದ ಚೊಗರನ್ನ ಮಲೆನಾಡಲ್ಲಿ ಯಾರಾದ್ರೂ ನಾಲಿಗೆಗೆ ಹಚ್ಕೊಂಡು ನೋಡಿದ್ರೆ ಆ ಬಿಗಿತ ಗೊತ್ತಿರುತ್ತೆ, ಅಲ್ಲೂ ಕೆಲಸ ಮಾಡೋದು ಟ್ಯಾನಿನ್ನೇ.

ಬಾಯಲ್ಲಿ ಆಗೋದು ಏನಪ್ಪಾ ಅಂದ್ರೆ, ನಮ್ಮ ಎಂಜಲಲ್ಲಿ ಕೆಲವು ಪ್ರೋಟೀನ್ ಇರುತ್ತೆ, ನಾಲಿಗೆ ಒಸಡು ಜಾರೋ ಹಾಗೆ ಇಟ್ಟಿರೋದೇ ಅವು. ಟ್ಯಾನಿನ್ ಹೋಗಿ ಆ ಪ್ರೋಟೀನನ್ನ ಹಿಡ್ಕೊಂಡು ಗಂಟು ಕಟ್ಟುತ್ತೆ, ಜಾರೋ ಪದರ ಹೋಗುತ್ತೆ, ನಾಲಿಗೆ ಅಂಗುಳಕ್ಕೆ ಉಜ್ಜಿದ ಹಾಗೆ ಅನ್ಸುತ್ತೆ. ಅಂದ್ರೆ ಇದು ಸಿಹಿ ಹುಳಿ ಥರ ರುಚಿ ಅಲ್ಲ, ಸ್ಪರ್ಶ. ಈಗ ಯೋಚನೆ ಮಾಡಿ, ಬಾಯಲ್ಲಿ ಎಂಜಲಿನ ಪ್ರೋಟೀನ್ ಬದ್ಲು ಹಿಡ್ಕೊಳ್ಳೋಕೆ ಮಾಂಸದ್ದೋ ಚೀಸಿನದ್ದೋ ಪ್ರೋಟೀನ್ ಸಿಕ್ರೆ ಟ್ಯಾನಿನ್ ಅಲ್ಲಿಗೆ ಹೋಗುತ್ತೆ, ಜೊತೆಗೆ ಕೊಬ್ಬು ನಾಲಿಗೆ ಮೇಲೆ ಒಂದು ಪದರ ಕಟ್ಟಿದ್ರೆ ಒರಟುತನ ಇನ್ನೂ ಕಮ್ಮಿ, ಉಪ್ಪಿದ್ರೆ ಕಹಿ ಹಿಂದೆ ಸರಿಯುತ್ತೆ. ಕೊಬ್ಬು, ಪ್ರೋಟೀನ್, ಉಪ್ಪು, ಈ ಮೂರು ಜೊತೆಗಿರಬೇಕು. ಮಾದಿರಾನ್ ಇರೋ ಗ್ಯಾಸ್ಕನಿ ಸೀಮೆಯ ಜನ ಇದನ್ನ ಯಾವ ಪುಸ್ತಕದಿಂದಾನೂ ಕಲೀಲಿಲ್ಲ, ಅವರ ಅಡುಗೆ ಶುರುವಾಗೋದೇ ಬಾತುಕೋಳಿ ಕೊಬ್ಬಿಂದ.

ಮಾದಿರಾನ್‌ಗೆ ಆ ಪ್ರದೇಶದ ಅಧಿಕೃತ ಹೆಸರು, ಅಂದ್ರೆ ಎಓಸಿ, ಸಿಕ್ಕಿದ್ದು 1948ರಲ್ಲಿ. ಆ ಕಾಲದ ಮಾದಿರಾನ್ ಬಾಟಲನ್ನ ವರ್ಷಗಟ್ಟಲೆ ಇಟ್ಟು ಕುಡೀಬೇಕಿತ್ತು, ಅಷ್ಟು ಗಡುಸು. 1980ರಲ್ಲಿ ಅಲೈನ್ ಬ್ರೂಮಾಂ ಅನ್ನೋರು ಶಾಟೋ ಮೊಂಟೂಸ್ ತೋಟ ಕೊಂಡು, ಟನ್ನಾಟ್ ಒಂದನ್ನೇ ಹೊಸ ಓಕ್ ಪೀಪಾಯಿಲಿಟ್ಟು ವೈನ್ ಮಾಡಿ ಈ ಊರಿನ ಹೆಸರು ಹೊರಗೆ ತಂದ್ರು. ಆಮೇಲೆ 1990ರ ದಶಕದ ಶುರುವಿನಲ್ಲಿ ಅಲ್ಲಿನವರೇ ಆದ ಪ್ಯಾಟ್ರಿಕ್ ಡುಕೂರ್ನೋ ಅವ್ರು ವೈನಿನ ಟ್ಯಾಂಕಿಗೆ ಬಹಳ ಸಣ್ಣ ಗುಳ್ಳೆಗಳಾಗಿ ಆಕ್ಸಿಜನ್ ಬಿಡೋ ಪದ್ಧತಿ ಶುರು ಮಾಡಿದ್ರು, ಟ್ಯಾನಿನ್ ಬೇಗ ಮೆತ್ತಗಾಗ್ಲಿ ಅಂತ, ಅದು ಇವತ್ತು ಪ್ರಪಂಚದ ತುಂಬಾ ಇದೆ. ಹಂಗಾಗಿ ಈಗಿನ 2019ರ ಬಾಟಲ್ ಹಳೇ ಕಾಲದಷ್ಟು ಗಡುಸಲ್ಲ, ಆದ್ರೂ ಟನ್ನಾಟ್ ಟನ್ನಾಟೇ.

ಇನ್ನು ಗಸಿ. ವರ್ಷ ಕಳೆದ ಹಾಗೆ ಬಣ್ಣ ಮತ್ತೆ ಟ್ಯಾನಿನ್ ಒಂದಕ್ಕೊಂದು ಅಂಟಿ ಭಾರ ಆಗಿ ತಳಕ್ಕೆ ಕೂರುತ್ತೆ, ಕೆಲವು ಸಲ ಹರಳು ಥರ ಹೊಳೆಯೋದೂ ಇರುತ್ತೆ, ಅದು ದ್ರಾಕ್ಷಿಯದ್ದೇ ಟಾರ್ಟಾರಿಕ್ ಆಮ್ಲದ ಉಪ್ಪು. ಎರಡರಿಂದಾನೂ ಅಪಾಯ ಇಲ್ಲ, ಲೋಟಕ್ಕೆ ಬಿದ್ರೆ ಮರಳು ಮರಳಾಗಿ ಕಹಿ ಅನ್ಸುತ್ತೆ ಅಷ್ಟೇ. ನಿಮ್ಮ ಯಜಮಾನ್ರು ಕೊನೇವರೆಗೂ ಬಗ್ಗಿಸಿ ಸುರ್ಕೊಂಡಿದ್ರೆ ಕೊನೇ ಲೋಟ ಖಂಡಿತ ಹಂಗೇ ಇದ್ದಿರುತ್ತೆ.

ನಿಜವಾಗ್ಲೂ ಕೆಟ್ಟಿದ್ರೆ ಮೂಗಿಗೆ ಮೊದಲೇ ಗೊತ್ತಾಗುತ್ತೆ. ಒದ್ದೆಯಾದ ರಟ್ಟಿನ ಡಬ್ಬದ ವಾಸನೆ ಬಂದು ಹಣ್ಣಿನ ವಾಸನೆ ಪೂರ್ತಿ ಸತ್ತೋಗಿದ್ರೆ ಅದು ಕಾರ್ಕಿನ ದೋಷ, ಟಿಸಿಎ ಅಂತಾರೆ, ಎಷ್ಟು ಹೊತ್ತು ಗಾಳಿಗಿಟ್ರೂ ಹೋಗಲ್ಲ. ವಿನೆಗರ್ ಇಲ್ಲಾ ನೈಲ್ ಪಾಲಿಶ್ ಮೂಗಿಗೆ ಹೊಡೆದ್ರೆ ಬ್ಯಾಕ್ಟೀರಿಯಾ ಕೆಲಸ. ಬಣ್ಣ ಕಂದು ತಿರುಗಿ ಕೊಯ್ದಿಟ್ಟ ಸೇಬಿನ ವಾಸನೆ ಬಂದ್ರೆ ಗಾಳಿ ಹೊಕ್ಕಿದೆ. ಇವು ಯಾವ್ದೂ ನೀವು ಬರೆದಿಲ್ಲ. ಆದ್ರೂ ಎರಡನೇ ಬಾಟಲ್ ಕಾರ್ಕ್ ಬೇರೆ, ಇದು ಸರಿ ಇದ್ದ ಮಾತ್ರಕ್ಕೆ ಅದೂ ಸರಿ ಇರುತ್ತೆ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ ಅತಿಥಿಗಳು ಬರೋಕೆ ಎರಡು ಗಂಟೆ ಮುಂಚೆ ತೆಗೆದು ಒಂದು ಗುಟುಕು ನೀವೇ ನೋಡಿ.

ಈಗ ಗಂಟಲು ಉರಿದಿದ್ದು. ಇದ್ರಲ್ಲಿ ವೈನಿನ ತಪ್ಪೂ ಇಲ್ಲ, ಸಾರಿನ ತಪ್ಪೂ ಇಲ್ಲ, ಜೋಡಿ ತಪ್ಪು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿ ಬಿಸಿ ಗುರುತಿಸೋ ನರದ ಗ್ರಾಹಕವನ್ನ ಕೆರಳಿಸುತ್ತೆ, ಆಲ್ಕೋಹಾಲ್ ಕೂಡ ಅದೇ ಗ್ರಾಹಕದ ಮೇಲೆ ಕೆಲಸ ಮಾಡುತ್ತೆ, ಮಾದಿರಾನ್‌ನಲ್ಲಿ ಆಲ್ಕೋಹಾಲ್ 14 ಶೇಕಡಾ ಆಸುಪಾಸು ಇರೋದು ಸಾಮಾನ್ಯ, ಅದ್ರ ಮೇಲೆ ಟ್ಯಾನಿನ್ ಬಾಯಿ ಒಣಗಿಸಿ ಕಾಯೋ ಪದರಾನೇ ತೆಗೆದಿರುತ್ತೆ, ಮೂರೂ ಸೇರಿ ಉರಿ. ಜನ ಏನಂದ್ಕೊಳ್ತಾರೆ ಅಂದ್ರೆ ಖಾರದ ಊಟಕ್ಕೆ ಗಟ್ಟಿ ವೈನ್ ಬೇಕು, ಇಲ್ದಿದ್ರೆ ಮಸಾಲೆ ಮುಂದೆ ನಿಲ್ಲಲ್ಲ ಅಂತ. ನಾನು ಕೇಳೋ ತಪ್ಪು ತಿಳಿವಳಿಕೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಊಟ ಹಾಳು ಮಾಡೋದು ಇದೇ. ಖಾರಕ್ಕೆ ಬೇಕಾಗಿರೋದು ಕಮ್ಮಿ ಟ್ಯಾನಿನ್, ಸ್ವಲ್ಪ ಸಿಹಿ, ತಣ್ಣಗಿರೋ ವೈನ್.

ಮುದ್ದೆದೂ ಒಂದು ಪಾತ್ರ ಇದೆ ಇದ್ರಲ್ಲಿ. ರಾಗಿ ಹೊಟ್ಟಿನಲ್ಲೇ ಟ್ಯಾನಿನ್ ಇರುತ್ತೆ, ಬಿಳಿ ರಾಗಿಗಿಂತ ನಾವು ತಿನ್ನೋ ಕೆಂಪು ರಾಗಿಲಿ ಜಾಸ್ತಿ. ಸಾರಿನಲ್ಲಿ ಅದ್ದಿ ನುಂಗೋವಾಗ ನಮಗೆ ಅದು ಗೊತ್ತಾಗಲ್ಲ, ಆದ್ರೆ ಪಕ್ಕದಲ್ಲಿ ಟನ್ನಾಟ್ ಇದ್ರೆ ಒಗರಿನ ಮೇಲೆ ಒಗರು. ಹಂಗಾಗಿ ಈ ಬಾಟಲ್ ತೆಗೆದ ದಿನ ಮುದ್ದೆಗೆ ರಜೆ ಕೊಡಿ, ಅನ್ನ ಇಲ್ಲಾ ಬ್ರೆಡ್ ಇಟ್ಕೊಳ್ಳಿ.

ಟೆಂಪರೇಚರ್ ಎಷ್ಟಿತ್ತು ಅಂತ ನೀವು ಬರೆದಿಲ್ಲ. ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡೀಬೇಕು ಅನ್ನೋ ಮಾತು ಹೀಟರ್ ಇಲ್ಲದ ಹಳೇ ಕಲ್ಲು ಮನೆಗಳ ಕಾಲದ್ದು, ಅಂದ್ರೆ 16ರಿಂದ 18 ಡಿಗ್ರಿ. ತುಲೂಸ್‌ನಲ್ಲಿ ಬೇಸಿಗೆ ದಿನ ಅಡುಗೆಮನೆ 28, 30 ಡಿಗ್ರಿ ಇದ್ರೆ ಆಲ್ಕೋಹಾಲ್ ಆವಿ ಮೂಗಿಗೇರಿ ಬರೀ ಸ್ಪಿರಿಟ್ ವಾಸನೆ ಬರುತ್ತೆ, ಗಂಟಲು ಇನ್ನೂ ಉರಿಯುತ್ತೆ, ಅಂಥ ದಿನ ಬಾಟಲನ್ನ ಅರ್ಧ ಗಂಟೆ ಫ್ರಿಜ್ಜಲ್ಲಿಡಿ. ಹಾಗಂತ ಪೂರ್ತಿ ತಣ್ಣಗೆ ಮಾಡಿದ್ರೆ ಟ್ಯಾನಿನ್ ಇನ್ನಷ್ಟು ಬಿಗಿಯಾಗಿ ಕಚ್ಚುತ್ತೆ.

ತಲೆನೋವಿಗೆ ಬರೋಣ. ಸಲ್ಫೈಟ್ ಮೇಲೆ ತಪ್ಪು ಹೊರಿಸೋದು ಸುಲಭ, ಲೇಬಲ್ ಮೇಲೆ ಬರೆದಿರುತ್ತಲ್ಲ. ಆದ್ರೆ ಯುರೋಪಿನ ನಿಯಮದಲ್ಲಿ ಸಿಹಿ ಇಲ್ಲದ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂ ಮಿತಿ, ಬಿಳಿಗೆ 200. ಸಲ್ಫೈಟೇ ಕಾರಣ ಆಗಿದ್ರೆ ಬಿಳಿ ವೈನಿಗೆ ಇನ್ನೂ ಜಾಸ್ತಿ ತಲೆ ನೋಯಬೇಕಿತ್ತು, ಬಂಗಾರದ ಬಣ್ಣದ ಒಣ ಏಪ್ರಿಕಾಟ್ ತಿಂದ್ರೂ ನೋಯಬೇಕಿತ್ತು, ಅದ್ರಲ್ಲಿ ಸಲ್ಫೈಟ್ ವೈನಿಗಿಂತ ಎಷ್ಟೋ ಪಟ್ಟು. ಅಸ್ತಮಾ ಇರೋರಲ್ಲಿ ಕೆಲವರಿಗೆ ಸಲ್ಫೈಟಿಂದ ಉಸಿರಾಟದ ತೊಂದ್ರೆ ಆಗುತ್ತೆ, ಅದು ನಿಜ, ತಲೆನೋವಿನ ವಿಷ್ಯ ಬೇರೆ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಒಂದು ಊಹೆ ಮುಂದಿಟ್ರು, ದ್ರಾಕ್ಷಿ ಸಿಪ್ಪೆಯ ಕ್ವೆರ್ಸೆಟಿನ್ ನಮ್ಮ ಮೈಯಲ್ಲಿ ರೂಪ ಬದಲಾಯಿಸಿ ಆಲ್ಕೋಹಾಲ್ ಕರಗಿಸೋ ಕಿಣ್ವಕ್ಕೆ ಅಡ್ಡ ಬರಬಹುದು ಅಂತ, ಲ್ಯಾಬಲ್ಲಿ ತೋರಿಸಿದಾರೆ, ಮನುಷ್ಯರಲ್ಲಿ ಇನ್ನೂ ಖಚಿತ ಆಗ್ಬೇಕು.

ಆದ್ರೆ ನಿಮ್ಮನೆ ಲೆಕ್ಕಕ್ಕೆ ಅಷ್ಟು ದೂರ ಹೋಗೋದೇ ಬೇಡ. 750 ಮಿಲಿ ಬಾಟಲ್, 14 ಶೇಕಡಾ ಅಂದ್ರೆ ಸುಮಾರು 83 ಗ್ರಾಂ ಶುದ್ಧ ಆಲ್ಕೋಹಾಲ್. ಫ್ರಾನ್ಸ್‌ನಲ್ಲಿ ಒಂದು ಸ್ಟ್ಯಾಂಡರ್ಡ್ ಲೋಟ ಅಂದ್ರೆ 10 ಗ್ರಾಂ, ಅಲ್ಲಿನ ಆರೋಗ್ಯ ಇಲಾಖೆ ಹೇಳೋದು ದಿನಕ್ಕೆ ಎರಡು ಲೋಟ ದಾಟಬೇಡಿ, ವಾರಕ್ಕೆ ಹತ್ತು ದಾಟಬೇಡಿ, ಪೂರ್ತಿ ಬಿಟ್ಟ ದಿನಗಳೂ ಇರ್ಲಿ ಅಂತ. ಮುಕ್ಕಾಲು ಬಾಟಲ್ ಅಂದ್ರೆ ಆರು ಲೋಟ ಒಂದೇ ಸಂಜೆಗೆ. ಬೆಳಗ್ಗೆ ತಲೆನೋವಿಗೆ ಇಷ್ಟೇ ಸಾಕು. ಒಂದೇ ಲೋಟಕ್ಕೂ ಪ್ರತಿ ಸಲ ತಲೆ ಸಿಡಿಯುತ್ತೆ ಅಂದ್ರೆ ಮಾತ್ರ ಡಾಕ್ಟರ್ ಹತ್ರ ಹೋಗ್ಲಿ, ವೈನ್ ಬದಲಾಯಿಸಿ ಬದಲಾಯಿಸಿ ಪ್ರಯೋಗ ಮಾಡೋದು ಬೇಡ.

ಹಾರ್ಟಿಗೆ ಒಳ್ಳೇದು ಅನ್ನೋ ಮಾತು ಮಾದಿರಾನ್‌ಗೆ ಯಾಕೆ ಅಂಟ್ಕೊಂಡಿದೆ ಅನ್ನೋದಕ್ಕೆ ಕಾರಣ ಇದೆ. 2006ರಲ್ಲಿ ಲಂಡನ್ನಿನ ರೋಜರ್ ಕಾರ್ಡರ್ ಮತ್ತೆ ಜೊತೆಗಾರರು ನೇಚರ್ ಪತ್ರಿಕೇಲಿ ಬರೆದ್ರು, ನೈರುತ್ಯ ಫ್ರಾನ್ಸ್ ಮತ್ತೆ ಸಾರ್ಡೀನಿಯಾದ ಕೆಂಪು ವೈನ್‌ಗಳಲ್ಲಿ ಪ್ರೊಸಯಾನಿಡಿನ್ ಅನ್ನೋ ಟ್ಯಾನಿನ್ ಜಾತಿಯ ವಸ್ತು ಜಾಸ್ತಿ ಇದೆ, ರಕ್ತನಾಳಕ್ಕೆ ಅದ್ರಿಂದ ಅನುಕೂಲ ಇರಬಹುದು ಅಂತ. ಅಲ್ಲಿಂದ ಟನ್ನಾಟ್ ಅಂದ್ರೆ ಔಷಧಿ ಅನ್ನೋ ಥರ ಮಾತು ಹರಡ್ತು. ಅದೇ ಬಾಟಲಲ್ಲಿ 83 ಗ್ರಾಂ ಆಲ್ಕೋಹಾಲೂ ಇದೆ ಅನ್ನೋದನ್ನ ಜನ ಮರೀತಾರೆ. 2023ರ ಜನವರಿಲಿ ವಿಶ್ವ ಆರೋಗ್ಯ ಸಂಸ್ಥೆ ನೇರವಾಗೇ ಹೇಳಿದೆ, ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಆಲ್ಕೋಹಾಲ್ ಪ್ರಮಾಣ ಯಾವ್ದೂ ಇಲ್ಲ. ವೈನ್ ನನ್ನ ಹೊಟ್ಟೆಪಾಡು, ಆದ್ರೂ ಹೇಳ್ತೀನಿ, ಹಾರ್ಟ್ ನೆಪದಲ್ಲಿ ದಿನಾ ಕುಡೀಬೇಡಿ. ರುಚಿಗೋಸ್ಕರ, ಒಳ್ಳೆ ಊಟದ ಜೊತೆ, ಅಪರೂಪಕ್ಕೆ ಒಂದೆರಡು ಲೋಟ ಅಂದ್ರೆ ಈ ವೈನಿಗೂ ಗೌರವ. ಬಿಪಿ, ಶುಗರ್ ಅಥವಾ ಬೇರೆ ಮಾತ್ರೆ ತಗೊಳ್ತಿದ್ರೆ ಅದಕ್ಕೂ ಮುಂಚೆ ಡಾಕ್ಟರನ್ನ ಕೇಳ್ಬೇಕು.

ಊಟದ ದಿನಕ್ಕೆ ಮುಂಚೆ ಒಂದು ಕೆಲಸ ಮಾಡಿ. ಸೂಪರ್‌ಮಾರ್ಕೆಟಲ್ಲಿ ಹತ್ತು ಯೂರೋ ಆಸುಪಾಸಿಗೆ ಸಿಗೋ ಒಂದು ಸಾಧಾರಣ ಮಾದಿರಾನ್ ತನ್ನಿ, ಗಿಫ್ಟ್ ಬಾಟಲ್ ಮುಟ್ಟಬೇಡಿ. ಜೊತೆಗೆ ಪಿರನೀಸ್ ಕುರಿ ಹಾಲಿನ ಓಸೋ-ಇರಾತಿ ಚೀಸ್ ಒಂದು ತುಂಡು (ಅದು ಯಜಮಾನ್ರಿಗೆ, ನಿಮಗಾಗೋ ಚೀಸ್ ಯಾವ್ದು ಅಂತ ಆಮೇಲೆ ಹೇಳ್ತೀನಿ), ಉಪ್ಪು, ನಿಂಬೆ, ಒಂದು ಚೂರು ಬೆಲ್ಲ, ಮನೇಲಿರೋ ಉಪ್ಪಿನಕಾಯಿ. ಒಂದು ಲೋಟ ಸುರ್ಕೊಂಡು ಮೊದಲು ಬಿಳಿ ಹಾಳೆ ಮೇಲೆ ಓರೆಯಾಗಿ ಹಿಡಿದು ನೋಡಿ, ನಡುವೆ ಬೆಳಕೇ ದಾಟಲ್ಲ, ಅಂಚು ಮಾತ್ರ ನೇರಳೆ. ಮೂಸಿ ನೋಡಿದ್ರೆ ಕಪ್ಪು ಚೆರ್ರಿ, ಬ್ಲ್ಯಾಕ್‌ಬೆರ್ರಿ, ಸ್ವಲ್ಪ ಜ್ಯೇಷ್ಠಮಧು, ಓಕ್ ಪೀಪಾಯಿಲಿದ್ದಿದ್ರೆ ಕಾಫಿ ಹುರಿದ ವಾಸನೆ. ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ, ಬಾಯಿಗೆ ಅದು ಬರೀ ಎಚ್ಚರಿಕೆ, ಎರಡನೇದ್ರಲ್ಲಿ ನೋಡಿ. ಬಾಯಿ ಒಣಗುತ್ತೆ, ಸರಿ, ಆದ್ರೆ ಹೇಗೆ ಒಣಗುತ್ತೆ ಅನ್ನೋದನ್ನ ಗಮನಿಸಿ: ಒಸಡಿನ ಮೇಲೆ ನುಣ್ಣಗೆ ಹಿಟ್ಟು ಹರಡಿದ ಹಾಗಿದ್ರೆ ಹಣ್ಣಾದ ಟ್ಯಾನಿನ್, ಒಂದೇ ಕಡೆ ಗೀರಿ ಕೊನೇಲಿ ಹಸಿ ಕಹಿ ಉಳಿದ್ರೆ ಬಲೀದ ಬೀಜದ ಟ್ಯಾನಿನ್. ಒಳ್ಳೆ ಮಾದಿರಾನ್‌ಗೂ ಸಾಧಾರಣ ಮಾದಿರಾನ್‌ಗೂ ಇರೋ ದೊಡ್ಡ ವ್ಯತ್ಯಾಸಾನೇ ಇದು.

ಆಮೇಲೆ ಚೀಸ್ ಬಾಯಲ್ಲಿಟ್ಟು ಚೆನ್ನಾಗಿ ಅಗಿದು, ಅದು ನಾಲಿಗೆಗೆ ಅಂಟಿರೋವಾಗ್ಲೇ ಒಂದು ಗುಟುಕು ಕುಡೀರಿ. ಒರಟು ಎಲ್ಲೋಯ್ತು ಅನ್ನೋಷ್ಟು ಕಮ್ಮಿ ಆಗುತ್ತೆ, ಅಲ್ಲೀವರೆಗೂ ಕಾಣದಿದ್ದ ಹಣ್ಣು ಮುಂದೆ ಬರುತ್ತೆ. ಉಪ್ಪು ನಿಂಬೆ ನೆಕ್ಕಿ ಕುಡಿದ್ರೂ ವೈನ್ ಮೆತ್ತಗಾಗುತ್ತೆ. ಬೆಲ್ಲ ತಿಂದು ಕುಡಿದ್ರೆ ಅದೇ ವೈನ್ ಹುಳಿ ಕಹಿ ಎರಡೂ ಜಾಸ್ತಿಯಾಗಿ ಹಣ್ಣು ಮಾಯ ಆಗುತ್ತೆ. ಉಪ್ಪಿನಕಾಯಿದು ನಿಮಗೀಗಾಗ್ಲೇ ಗೊತ್ತು. ಈ ನಾಲ್ಕು ತುತ್ತು ನಾಲ್ಕು ಗುಟುಕು ಕಲಿಸೋದನ್ನ ನಾನು ಎಷ್ಟು ಬರೆದ್ರೂ ಕಲಿಸೋಕಾಗಲ್ಲ.

ಈಗ ಊಟ. ನಿಮ್ಮ ಮುಂದೆ ಮೂರು ದಾರಿ ಇದೆ ಅಂತ ನನಗನ್ಸುತ್ತೆ.

ಮೊದಲನೇದು ಹಿರಿಯರು ಹೇಳಿದ್ದೇ, ಬಾತುಕೋಳಿ. ಕಾನ್ಫಿ ದ ಕನಾರ್ ಅಂದ್ರೆ ಬಾತುಕೋಳಿ ಕಾಲನ್ನ ಉಪ್ಪಲ್ಲಿ ನೆನೆಸಿ ಅದ್ರದ್ದೇ ಕೊಬ್ಬಲ್ಲಿ ಸಣ್ಣ ಉರಿಲಿ ಗಂಟೆಗಟ್ಟಲೆ ಬೇಯಿಸಿದ್ದು, ಉಪ್ಪು ಕೊಬ್ಬು ಪ್ರೋಟೀನ್ ಮೂರೂ ಒಂದರಲ್ಲೇ. ತುಲೂಸ್‌ನಲ್ಲಿ ಡಬ್ಬದಲ್ಲಿ, ಪ್ಯಾಕೆಟಲ್ಲಿ ರೆಡಿ ಸಿಗುತ್ತೆ, ಕೊಬ್ಬು ಬಸಿದು ಚರ್ಮ ಮೇಲೆ ಮಾಡಿ ಓವನ್ನಲ್ಲಿಟ್ಟು ಚರ್ಮ ಗರಿಗರಿ ಆಗೋವರೆಗೂ ಬಿಸಿ ಮಾಡಿದ್ರೆ ಮುಗೀತು. ಆ ಗರಿ ಚರ್ಮದ ಒಂದು ಚೂರು, ಅದ್ರ ಕೆಳಗಿನ ನಾರು ನಾರು ಮಾಂಸ, ಮೇಲೆ ಒಂದು ಗುಟುಕು ಟನ್ನಾಟ್, ಕೊಬ್ಬಿನ ಜಿಡ್ಡನ್ನ ಟ್ಯಾನಿನ್ ಗುಡಿಸ್ಕೊಂಡು ಹೋಗುತ್ತೆ, ಟ್ಯಾನಿನ್ನಿನ ಒರಟನ್ನ ಕೊಬ್ಬು ತಡೆಯುತ್ತೆ, ಒಂದು ಇನ್ನೊಂದಕ್ಕೆ ಮತ್ತೆ ಬಾಯಿ ತೆರೆಸುತ್ತೆ. ತುಲೂಸಿನ ಕಾಸೂಲೆ, ಅಂದ್ರೆ ಬಿಳಿ ಬೀನ್ಸ್ ಕಾಳು, ಸಾಸೇಜು, ಬಾತುಕೋಳಿ ಹಾಕಿ ಮಡಕೇಲಿ ಬೇಯಿಸೋದು, ಅದಕ್ಕೂ ಇದೇ ವೈನ್ ಹೊಂದುತ್ತೆ. ರಿಸ್ಕ್ ಏನಂದ್ರೆ, ಜನ್ಮವಿಡೀ ಕಾನ್ಫಿ ತಿಂದೋರ ಮುಂದೆ ನೀವು ಕಾನ್ಫಿ ಇಡ್ತಿದೀರಿ, ನಿಮ್ಮನೆ ಊಟ ತಿನ್ನೋಕೆ ಅಂತ ಬರ್ತಿರೋರಿಗೆ ನಿಮ್ಮನೆದು ಏನೂ ಇರಲ್ಲ.

ಎರಡನೇದು ನಮ್ಮ ಅಡುಗೇನೇ ವೈನಿಗೆ ತಕ್ಕ ಹಾಗೆ ಬಗ್ಗಿಸೋದು. ಮಟನ್ ಮಾಡಿ, ಆದ್ರೆ ಗುಂಟೂರು ಮೆಣಸಿನಕಾಯಿ ಪೂರ್ತಿ ಬಿಟ್ಟು ಬ್ಯಾಡಗಿ ಮಾತ್ರ ಹಾಕಿ, ಬೀಜ ತೆಗೆದು. ಬಣ್ಣ ಬರುತ್ತೆ, ಖಾರ ತೀರಾ ಕಮ್ಮಿ. ಹುರಿದ ಕೊಬ್ರಿ, ಗಸಗಸೆ, ಧನಿಯಾ, ಚಕ್ಕೆ ಲವಂಗ ಇರ್ಲಿ, ನೀರು ಸಾರಿನ ಬದ್ಲು ಗಟ್ಟಿ ಗೊಜ್ಜಿನ ಥರ ಇಳಿಸಿ, ಕೊಬ್ಬಿರೋ ತುಂಡು ಆರಿಸ್ಕೊಳ್ಳಿ. ಕಾಳುಮೆಣಸು ಸ್ವಲ್ಪ ಪರವಾಗಿಲ್ಲ, ಜಾಸ್ತಿ ಆದ್ರೆ ಅದೂ ಅದೇ ಉರಿನೇ. ಹಂದಿ ಮಾಂಸ ತಿನ್ನೋರಾದ್ರೆ ಕೊಡಗಿನ ಪಂದಿ ಕರಿ ನನ್ನ ಮಟ್ಟಿಗೆ ಮಟನ್ನಿಗಿಂತ ಒಳ್ಳೆ ಜೋಡಿ, ಕೊಬ್ಬೂ ಇದೆ, ಕಾಚಂಪುಳಿ ಹುಳೀನೂ ವೈನನ್ನ ಮೆತ್ತಗೆ ಮಾಡುತ್ತೆ. ಇಲ್ಲಿನ ತೊಂದ್ರೆ ಗೊತ್ತಲ್ಲ, ಖಾರ ತೆಗೆದ ಮಂಡ್ಯ ಸಾರು ನಿಮ್ಮ ಯಜಮಾನ್ರಿಗೆ ಸಪ್ಪೆ ಅನ್ಸಬಹುದು, ಕೈ ಸ್ವಲ್ಪ ತಪ್ಪಿ ಖಾರ ಏರಿದ್ರೆ ಶನಿವಾರದ ಕಥೇನೇ ಮತ್ತೆ.

ಮೂರನೇದು, ಸಾರು ಅದರಷ್ಟಕ್ಕೆ, ಮಾದಿರಾನ್ ಅದರಷ್ಟಕ್ಕೆ. ಮುಖ್ಯ ಊಟಕ್ಕೆ ಮಂಡ್ಯ ಮಟನ್ ಸಾರು ಮಾಡೋ ಹಾಗೇ ಮಾಡಿ, ಅತಿಥಿಗಳಿಗೆ ಅಂತ ಖಾರ ಒಂದು ಸುತ್ತು ಕಮ್ಮಿ ಸಾಕು, ಮುದ್ದೇನೂ ಇಡಿ. ಅದ್ರ ಜೊತೆಗೆ ಪೋ ಪಕ್ಕದ ಜುರಾನ್ಸೋಂ ಬಿಳಿ ವೈನ್, ಸಿಹಿ ಇರೋದು ತಗೊಳ್ಳಿ, ಅದ್ರ ಹುಳಿ ಸಿಹಿ ಎರಡೂ ಗಟ್ಟಿ ಇರೋದ್ರಿಂದ ಖಾರವನ್ನ ತಣಿಸುತ್ತೆ, ತಣ್ಣಗೆ ಕೊಡಿ. ಕೆಂಪೇ ಬೇಕು ಅನ್ನೋರಿಗೆ ತುಲೂಸ್ ಪಕ್ಕದ್ದೇ ಫ್ರೋಂತೋಂ ಇದೆ, ನೆಗ್ರೆತ್ ದ್ರಾಕ್ಷಿದು, ಹೂವಿನ ವಾಸನೆ, ಟ್ಯಾನಿನ್ ತುಂಬಾ ಕಮ್ಮಿ, ಅದನ್ನ ಸ್ವಲ್ಪ ತಂಪಾಗಿ ಕೊಟ್ರೆ ಸಾರಿನ ಜೊತೆ ಜಗಳ ಆಡಲ್ಲ. ಊಟ ಆದ್ಮೇಲೆ ಎಲ್ರಿಗೂ ಮಜ್ಜಿಗೆ ಕೊಡಿ, ಹಾಲಿನ ಪ್ರೋಟೀನ್ ಖಾರವನ್ನ ನಾಲಿಗೆಯಿಂದ ತೊಳೆಯುತ್ತೆ, ಅರ್ಧ ಗಂಟೆ ಮಾತಾಡಿ. ಆಮೇಲೆ ಮಾದಿರಾನ್ ತನ್ನಿ, ಓಸೋ-ಇರಾತಿ ಚೀಸ್, ಬಾಸ್ಕ್ ಕಡೆಯ ಇತ್ಸಾಸು ಕಪ್ಪು ಚೆರ್ರಿ ಜ್ಯಾಮ್, ಬ್ರೆಡ್. ಫ್ರೆಂಚರ ಮನೇಲಿ ಚೀಸ್ ಬರೋದು ಊಟ ಆದ್ಮೇಲೆ ಸಿಹಿಗೆ ಮುಂಚೆ, ಹಂಗಾಗಿ ಅವರಿಗೆ ಇದು ಸಹಜ ಅನ್ಸುತ್ತೆ. ಜ್ಯಾಮ್ ಮಾತ್ರ ಚೀಸಿಗೆ ಸವರೋಷ್ಟು, ಚಮಚ ಚಮಚ ಅಲ್ಲ, ಬೆಲ್ಲದ ಪ್ರಯೋಗ ನೆನಪಿದ್ಯಲ್ಲ. ರಿಸ್ಕ್ ಅಂದ್ರೆ ಎರಡು ಮೂರು ವೈನ್ ಸೇರಿ ಒಟ್ಟು ಕುಡಿಯೋದು ಜಾಸ್ತಿ ಆಗೋದು, ಅದಕ್ಕೆ ಸಣ್ಣ ಸಣ್ಣದಾಗಿ ಸುರೀರಿ, ಕಾರ್ ಓಡಿಸ್ಕೊಂಡು ವಾಪಸ್ ಹೋಗೋರು ಯಾರು ಅನ್ನೋದನ್ನ ಮೊದಲೇ ಕೇಳ್ಕೊಳ್ಳಿ, ನೀರಿನ ಜಗ್ ಮೇಜಿನ ಮೇಲೇ ಇರ್ಲಿ.

ನಾನಾಗಿದ್ರೆ ಮೂರನೇದೇ ಮಾಡ್ತಿದ್ದೆ. ಯಾರ ಊಟವನ್ನೂ ತಿದ್ದಬೇಕಾಗಿಲ್ಲ, ಅವರ ವೈನೂ ಅವರಿಗೆ ಗೊತ್ತಿರೋ ರೂಪದಲ್ಲೇ ಮೇಜಿಗೆ ಬರುತ್ತೆ.

ಇನ್ನು ನಿಮ್ಮ ವಿಷ್ಯ, ಪ್ರಶ್ನೇಲಿ ಒಂದೇ ಸಾಲಲ್ಲಿ ಬರೆದುಬಿಟ್ಟಿದೀರಿ, ಆದ್ರೆ ಮುಖ್ಯ. ಓಸೋ-ಇರಾತಿ ಥರದ ಸಾಂಪ್ರದಾಯಿಕ ಚೀಸಿಗೆ ಹಾಲು ಒಡೆಸೋಕೆ ಹಾಕೋದು ಪ್ರೆಸ್ಯೂರ್, ಕರು ಇಲ್ಲಾ ಕುರಿಮರಿ ಹೊಟ್ಟೆಯಿಂದ ತೆಗೆಯೋದು. ಲೇಬಲ್ ಮೇಲೆ ಪ್ರೆಸ್ಯೂರ್ ಅಂತ ಇದ್ರೆ ನಿಮಗೆ ಆಗಲ್ಲ, ಕೋಅಗುಲಾಂ ಮೈಕ್ರೋಬಿಯಾಂ ಅಥವಾ ವೆಜೆತಾಲ್ ಅಂತ ಇರೋದನ್ನ ಹುಡುಕಿ. ವೈನಲ್ಲೂ ಅಷ್ಟೇ, ಗಡುಸು ಕೆಂಪು ವೈನಿನ ಟ್ಯಾನಿನ್ ಮೆತ್ತಗೆ ಮಾಡೋಕೆ ಮೊಟ್ಟೆಯ ಬಿಳಿ ಹಾಕಿ ತಿಳಿ ಮಾಡೋದು ಹಳೇ ಪದ್ಧತಿ. ಮೊಟ್ಟೆ ತಳಕ್ಕಿಳಿದು ಹೋಗುತ್ತೆ, ವೈನಲ್ಲಿ ಉಳಿಯೋದು ಇಲ್ಲ ಅನ್ನೋಷ್ಟು, ಆದ್ರೂ ಬಳಸಿದ್ದೇ ಬೇಡ ಅನ್ನೋರು ವೀಗನ್ ಗುರುತು ಇರೋ ಬಾಟಲ್ ನೋಡ್ಬೇಕು, ಇಲ್ಲಾ ಆ ವೈನರಿಗೆ ಬರೆದು ಕೇಳ್ಬೇಕು, ಉತ್ತರ ಕೊಡ್ತಾರೆ. ಗಿಫ್ಟ್ ಬಾಟಲ್ ವಿಷ್ಯದಲ್ಲಿ ಇದು ಗೊತ್ತಾಗೋವರೆಗೂ ನೀವು ಕುಡೀಲೇಬೇಕು ಅನ್ನೋ ಸಂಕೋಚ ಇಟ್ಕೊಳ್ಳಬೇಡಿ.

ಕುಡಿಯೋದಾದ್ರೆ ನಿಮ್ಮ ತಟ್ಟೆಗೆ ಎಣ್ಣೆಗಾಯಿ ಮಾಡಿ. ಕಡ್ಲೆಕಾಯಿ ಎಳ್ಳು ಎರಡರಲ್ಲೂ ಕೊಬ್ಬಿದೆ ಪ್ರೋಟೀನಿದೆ, ಬದನೆ ಎಣ್ಣೆ ಕುಡಿದು ಮೆತ್ತಗಾಗಿರುತ್ತೆ, ಬೆಲ್ಲ ಹಾಕ್ಬೇಡಿ, ಹುಣಸೆ ಇರ್ಲಿ, ಖಾರ ಬ್ಯಾಡಗಿದೇ. ಇಲ್ಲಾ ತಾರ್ಬ್‌ನ ದೊಡ್ಡ ಬಿಳಿ ಬೀನ್ಸ್ ಕಾಳು ಸಿಗುತ್ತೆ ನಿಮ್ಮ ಮಾರ್ಕೆಟಲ್ಲಿ, ಆರಿಕೋ ತಾರ್ಬೆ ಅಂತ, ಸಿಪ್ಪೆ ತುಂಬಾ ತೆಳು, ರಾತ್ರಿ ನೆನೆಸಿ ಬೆಳ್ಳುಳ್ಳಿ, ಕಾಳುಮೆಣಸು, ಧಾರಾಳ ಬೆಣ್ಣೆ ಹಾಕಿ ಬೇಯಿಸಿ ಉಪ್ಪು ಸ್ವಲ್ಪ ಮುಂದಾಗಿಡಿ. ಬೆಣ್ಣೇಲಿ ಹುರಿದ ಪನೀರೂ ಆಗುತ್ತೆ. ಅಣಬೆ ಮಾಡಿದ್ರೆ ಉಪ್ಪು ಬೆಣ್ಣೆ ಕಮ್ಮಿ ಮಾಡ್ಬೇಡಿ, ಬರೀ ಅಣಬೆ ಟ್ಯಾನಿನ್ನಿನ ಕಹೀನ ಎತ್ತಿ ತೋರಿಸುತ್ತೆ.

ಡಾರ್ಕ್ ಚಾಕಲೇಟ್ ಕೆಂಪು ವೈನ್ ಜೋಡಿ ಅಂತ ಎಲ್ಲ ಕಡೆ ಹೇಳ್ತಾರೆ, ಮಾದಿರಾನ್‌ಗೆ ಅದು ಬೇಡ, ಸಿಹಿ ಇಲ್ಲದ ವೈನ್ ಸಿಹಿ ಮುಂದೆ ಸೋಲುತ್ತೆ. ಹೋಳಿಗೇನೋ ಪಾಯಸಾನೋ ಮಾಡೋ ಪ್ಲಾನ್ ಇದ್ರೆ ಮಾದಿರಾನ್ ಲೋಟ ಖಾಲಿ ಆದ್ಮೇಲೆ ಬಡಿಸಿ, ಜೊತೆಗೆ ಉಳಿದ ಜುರಾನ್ಸೋಂ ಕೊಡಿ.

ಬಾಟಲ್ ತೆಗೆಯೋ ಕ್ರಮ ಹೀಗೆ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಸಿ ತಳಕ್ಕಿಳೀಲಿ. ಬರೀ ಕಾರ್ಕ್ ತೆಗೆದಿಟ್ರೆ ವೈನ್ ಉಸಿರಾಡುತ್ತೆ ಅಂತಾರೆ, ಕುತ್ತಿಗೆ ಅಷ್ಟು ಸಣ್ಣಗಿರೋವಾಗ ಒಳಗೆ ಹೋಗೋ ಗಾಳಿ ಲೆಕ್ಕಕ್ಕಿಲ್ಲ. ಅಗಲ ಬಾಯಿಯ ಗಾಜಿನ ಜಗ್‌ಗೆ ನಿಧಾನಕ್ಕೆ, ನಿಲ್ಲಿಸದೆ ಸುರೀರಿ, ಕುತ್ತಿಗೆ ಹಿಂದೆ ಫೋನಿನ ಟಾರ್ಚ್ ಇಟ್ಕೊಂಡ್ರೆ ಗಸಿ ಬರೋದು ಕಾಣುತ್ತೆ, ಕಂಡ ತಕ್ಷಣ ನಿಲ್ಲಿಸಿ, ತಳದಲ್ಲಿ ಎರಡು ಬೆರಳಷ್ಟು ಉಳೀಲಿ. ಎರಡು ಗಂಟೆ ಜಗ್‌ನಲ್ಲಿದ್ರೆ ಸಾಕು. ಮೂಸಿ ನೋಡಿದಾಗ ಒದ್ದೆ ರಟ್ಟಿನ ವಾಸನೆ ಬಂದ್ರೆ ಮುಚ್ಚಿಡೋದೇನೂ ಬೇಡ, ಹಿರಿಯರಿಗೇ ತೋರಿಸಿ, ಕಾರ್ಕಿನ ದೋಷ ಅಲ್ಲಿ ಎಲ್ರಿಗೂ ಗೊತ್ತಿರೋದೇ, ಕೊಟ್ಟೋರದ್ದೂ ತಪ್ಪಲ್ಲ ತೆಗೆದೋರದ್ದೂ ತಪ್ಪಲ್ಲ. ಅಂಥ ಸಮಯಕ್ಕೆ ಅಂತ ನೀವು ಪ್ರಯೋಗಕ್ಕೆ ತಂದ ಥರದ್ದೇ ಇನ್ನೊಂದು ಬಾಟಲ್ ಮನೇಲಿಟ್ಕೊಂಡಿರಿ.

ಉಳಿದ್ರೆ ಜಗ್‌ನಿಂದ ತೊಳೆದ ಬಾಟಲಿಗೇ ವಾಪಸ್ ಹಾಕಿ ಕಾರ್ಕ್ ಒತ್ತಿ ಫ್ರಿಜ್ಜಲ್ಲಿಡಿ. ಟನ್ನಾಟ್ ಗಾಳಿಗೆ ಬೇಗ ಸೋಲಲ್ಲ, ಮೂರು ದಿನ ಆರಾಮಾಗಿರುತ್ತೆ, ಎರಡನೇ ದಿನ ಇನ್ನೂ ಮೆತ್ತಗೆ ಅನ್ಸೋದೂ ಉಂಟು, ಕುಡಿಯೋಕೆ ಮುಕ್ಕಾಲು ಗಂಟೆ ಮುಂಚೆ ಹೊರಗೆ ತೆಗೀರಿ. ಅದನ್ನ ಅವತ್ತೇ ಮುಗಿಸ್ಬೇಕು ಅಂತ ಯಜಮಾನ್ರು ಕೂತ್ಕೋಬೇಕಾಗಿಲ್ಲ.